ಹೂಳೆತ್ತುವವನ ಮಗಳು ಈಜಿಗೆ ಹೋದದ್ದು

ನನಗೆ ಬಾರದ ವಿದ್ಯೆಗಳು ಬೇಕಾದಷ್ಟಿವೆ. ಸ್ಕೂಟರ್ ಬರುವುದಿಲ್ಲ. ರಂಗೋಲಿಯಲ್ಲಿ ಚುಕ್ಕೆ ಐದು ದಾಟಿದರೆ ಬಳ್ಳಿ ಎಲ್ಲಿಗೆ ಹೋಗಿ ಸೇರಬೇಕೋ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಬಂದ ಫೋಟೊ ಅಳಿಸಲು ಹೋಗಿ ನಮ್ಮ ಬಳಗಕ್ಕೆಲ್ಲ ಕಳಿಸಿಬಿಟ್ಟು ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದವಳು ನಾನು. ಇವುಗಳ ಬಗ್ಗೆ ನನಗೆ ನಾಚಿಕೆಯೇನೂ ಇಲ್ಲ, ಯಾರು ಕೇಳಿದರೂ ಬರುವುದಿಲ್ಲ ಎಂದು ನಗುತ್ತಲೇ ಹೇಳುತ್ತೇನೆ. ಈಜು ಬರುವುದಿಲ್ಲ ಎಂದು ಹೇಳಲು ಮಾತ್ರ ಐವತ್ತು ವರ್ಷ ಹಿಡಿಯಿತು. ಆ ಮಾತನ್ನು ನನ್ನ ಬಾಯಿಂದ ಹೊರಡಿಸಿದವರು ನಮ್ಮ ಆಸ್ಪತ್ರೆಯ ಎಲುಬಿನ ಡಾಕ್ಟರು.

ನಾನು ಕೊಪ್ಪಳದಲ್ಲಿ ನರ್ಸು. ಇಪ್ಪತ್ತೇಳು ವರ್ಷ ವಾರ್ಡಿನಿಂದ ವಾರ್ಡಿಗೆ ನಡೆದ ಮೊಣಕಾಲುಗಳು ಹೋದ ವರ್ಷದಿಂದ ಮುಷ್ಕರ ಹೂಡಿವೆ. ಕೂತರೆ ಏಳಲಾರೆ, ಎದ್ದರೆ ಕೂರಲಾರೆ. ಡಾಕ್ಟರು ಎಕ್ಸ್‌ರೇ ನೋಡಿ, ಮಾತ್ರೆ ಸಾಕು, ನೀರಿನಲ್ಲಿ ಮೈಭಾರ ಗೊತ್ತಾಗುವುದಿಲ್ಲ, ದಿನಾ ಒಂದು ತಾಸು ಈಜಿ ಎಂದರು. ಅವರು ಕರಾವಳಿಯವರು, ಅವರ ಕಡೆ ಮಕ್ಕಳು ನಡೆಯುವುದಕ್ಕೆ ಮೊದಲು ಈಜುತ್ತವೆಯಂತೆ. ನಾನು ಬರುವುದಿಲ್ಲ ಎಂದಾಗ ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ಹಳ್ಳಿಯವರಲ್ವಾ ಸಿಸ್ಟರ್ ನೀವು? ಬಾವಿಗೆ ಹಾರಿ ಕಲೀಲಿಲ್ವಾ?" ಎಂದು ಕೇಳಿದರು. ಒಳ್ಳೆಯ ಮನುಷ್ಯ, ಕೆಟ್ಟದ್ದೇನೂ ಮನಸ್ಸಿನಲ್ಲಿರಲಿಲ್ಲ. ನಮ್ಮ ಕೇರಿಯ ಹುಡುಗಿ ಊರ ಬಾವಿಗೆ ಹಾರಿದ್ದರೆ ಏನೇನಾಗುತ್ತಿತ್ತು ಎಂದು ವಿವರಿಸಲು ವೇಳೆಯಿರಲಿಲ್ಲ, ಹೊರಗೆ ಹದಿನೈದು ಮಂದಿ ಚೀಟಿ ಹಿಡಿದು ನಿಂತಿದ್ದರು. ಹಾಗಾಗಿ ನಕ್ಕು ಬಂದುಬಿಟ್ಟೆ.

ನೀರೆಂದರೆ ನನಗೆ ಭಯ. ಕುಡಿಯುವ ನೀರು, ಪಾತ್ರೆ ತೊಳೆಯುವ ನೀರು, ಇವುಗಳ ಜೊತೆ ಜಗಳವಿಲ್ಲ. ಮುಖದ ಮೇಲೆ ಬೀಳುವ ನೀರನ್ನು ಮಾತ್ರ ತಡೆಯಲಾರೆ. ತಲೆಗೆ ಸ್ನಾನ ಮಾಡುವಾಗ ಕತ್ತನ್ನು ಹಿಂದಕ್ಕೆ ಬಾಗಿಸಿ, ಒಂದು ಕೈಯನ್ನು ಹಣೆಗೆ ಅಡ್ಡ ಇಟ್ಟು, ಇನ್ನೊಂದು ಕೈಯಿಂದ ಸಣ್ಣ ಚೊಂಬಿನಲ್ಲಿ ಇಷ್ಟಿಷ್ಟೇ ಹುಯ್ದುಕೊಳ್ಳುತ್ತೇನೆ. ನಮ್ಮ ಯಜಮಾನರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್, ಕಂಬ ಹತ್ತಿಯೇ ಆಯುಷ್ಯ ಸವೆಸಿದವರು. ನಾನು ಕಂಬ ಹತ್ತುವುದಕ್ಕಿಂತ ನೀನು ತಲೆ ಎರೆದುಕೊಳ್ಳುವುದು ದೊಡ್ಡ ಸಾಹಸ ಎಂದು ಚೇಷ್ಟೆ ಮಾಡುತ್ತಾರೆ. ಚೇಷ್ಟೆ ಒಂದು ಮಟ್ಟಕ್ಕೆ ಬಂದು ತಾನೇ ನಿಲ್ಲುತ್ತದೆ. ಯಾಕೆಂದರೆ ಈ ಭಯ ಎಲ್ಲಿಂದ ಬಂತು ಎಂದು ಅವರಿಗೆ ಗೊತ್ತು. ನನ್ನ ತಂಗಿ ಹುಲಿಗೆವ್ವ ಹದಿನೇಳನೆಯ ವಯಸ್ಸಿಗೆ ಗಂಗಾವತಿ ಕಡೆಯ ಕಾಲುವೆಯಲ್ಲಿ ಹೋದಳು. ಆ ಕತೆಯನ್ನು ಮುಂದೆ ಹೇಳುತ್ತೇನೆ, ಮೊದಲು ಬಾವಿಯ ಕತೆ.

ಯಲಬುರ್ಗಾ ತಾಲೂಕಿನ ನಮ್ಮ ಊರಲ್ಲಿ ಗೌಡರ ತೋಟದ ಬಾವಿಯೇ ದೊಡ್ಡದು. ನಾಲ್ಕೂ ಕಡೆ ಕಲ್ಲು ಕಟ್ಟಿದ, ಮೆಟ್ಟಿಲಿಳಿದು ಹೋಗುವ ಬಾವಿ. ಊರ ಗಂಡುಮಕ್ಕಳೆಲ್ಲ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿಕೊಂಡು ಅಲ್ಲೇ ಈಜು ಕಲಿತರು. ಊರ ಗಂಡುಮಕ್ಕಳು ಎಂದರೆ ನಮ್ಮ ಕೇರಿ ಬಿಟ್ಟು ಉಳಿದವರು ಎಂದು ಅರ್ಥ, ಇದನ್ನು ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮಗೆ ಆ ಬಾವಿಯ ನೀರು ಮುಟ್ಟುವಂತಿರಲಿಲ್ಲ. ಆದರೆ ನೀರಿಲ್ಲದಾಗ ಬಾವಿ ನಮ್ಮದೇ. ಬೇಸಿಗೆಯಲ್ಲಿ ನೀರು ತಳ ಕಂಡಿತೆಂದರೆ ಹೂಳೆತ್ತಲು ನಮ್ಮಪ್ಪ ದುರಗಪ್ಪನಿಗೇ ಕರೆ ಬರುತ್ತಿತ್ತು. ಅಪ್ಪ ಕೇರಿಯ ನಾಲ್ಕು ಆಳು ಕರೆದುಕೊಂಡು ಹೋಗಿ, ಮೊಣಕಾಲು ಮಟ್ಟದ ಕೆಸರಲ್ಲಿ ನಿಂತು, ಎಂಟು ದಿನ ಬುಟ್ಟಿಗಟ್ಟಲೆ ಹೂಳು ಹೊರುತ್ತಿದ್ದ. ಕೊನೆಯ ದಿನ ಸೆಲೆ ಒಡೆದು ಹೊಸ ನೀರು ಪಾದ ಮುಟ್ಟುತ್ತಿದ್ದಂತೆ ಮೇಲಿನಿಂದ ಗೌಡರ ಆಳುಮಗ, ಸಾಕಿನ್ನು ಹತ್ತಿ ಬಾ ಎಂದು ಕೂಗುತ್ತಿದ್ದ. ಅಪ್ಪ ಹತ್ತಿ ಬಂದ ಮೇಲೆ ಗೋಮೂತ್ರ ಚಿಮುಕಿಸಿ, ಅರಿಸಿನ ಕುಂಕುಮ ಹಾಕಿ ಗಂಗವ್ವನ ಪೂಜೆ ಮಾಡುತ್ತಿದ್ದರು. ಅಲ್ಲಿಂದ ಮುಂದಿನ ಬೇಸಿಗೆಯವರೆಗೆ ಅಪ್ಪನಿಗೂ ಬಾವಿಗೂ ಸಂಬಂಧವಿಲ್ಲ.

ಹೀಗಾಗಿ ಅಪ್ಪನಿಗೆ ಬಾವಿಯ ತಳ ಪೂರ್ತಿ ಗೊತ್ತಿತ್ತು. ಯಾವ ಕಲ್ಲು ಅಲುಗುತ್ತದೆ, ಯಾವ ಮೂಲೆಯಲ್ಲಿ ಸೆಲೆ ಇದೆ, ಯಾವ ಸಂದಿಯಲ್ಲಿ ಸಾಮಾನು ಸಿಕ್ಕಿಕೊಳ್ಳುತ್ತದೆ, ಎಲ್ಲ. ತುಂಬಿದ ಬಾವಿಯಲ್ಲಿ ಗೌಡರ ಮನೆಯ ತಾಮ್ರದ ಕೊಡ ಬಿದ್ದರೆ ಅಪ್ಪನನ್ನು ಕರೆಸುತ್ತಿದ್ದರು. ಅಪ್ಪ ದೂರದ ಬೇವಿನ ಮರದ ಹತ್ತಿರ ನಿಂತು, ಪಡುವಣ ಮೂಲೆಗೆ ಹೋಗ್ರಿ, ಅಲ್ಲೊಂದು ಗೂಡು ಐತಿ, ಅದರ ಕೆಳಗ ಕೈ ಹಾಕ್ರಿ ಎಂದು ಹೇಳುತ್ತಿದ್ದ. ಗೌಡರ ಹಿರಿ ಮಗ ಮುಳುಗು ಹಾಕಿ ಕೊಡ ಎತ್ತಿಕೊಂಡು ಬರುತ್ತಿದ್ದ, ಮಂದಿ ಅವನಿಗೆ ಶಭಾಷ್ ಅನ್ನುತ್ತಿದ್ದರು. ಅಪ್ಪನೂ ಮರದ ಹತ್ತಿರ ನಿಂತೇ ಶಭಾಷ್ ಅನ್ನುತ್ತಿದ್ದ. ನಾನು ಮೂರನೇ ಇಯತ್ತೆಯಲ್ಲಿದ್ದಾಗ, ನಮ್ಮಪ್ಪ ವರ್ಷಾ ಬಾವಿಯಾಗ ಇಳಿತಾನ ಎಂದು ಶಾಲೆಯಲ್ಲಿ ಜಂಬ ಕೊಚ್ಚಿದ್ದೆ. ಇಳಿಯುವಾಗ ನೀರಿರುತ್ತದೋ ಇಲ್ಲವೋ ಎಂಬುದನ್ನು ಮಾತ್ರ ನುಂಗಿಬಿಟ್ಟಿದ್ದೆ. ಅರ್ಧ ಸತ್ಯ ಹೇಳುವ ಅಭ್ಯಾಸ ಅಷ್ಟು ಹಿಂದಿನದು.

ಈಗ ಕೊಪ್ಪಳದ ಈಜುಕೊಳಕ್ಕೆ ಬರೋಣ. ಸಂಜೆ ನಾಲ್ಕರಿಂದ ಐದು ಹೆಂಗಸರ ಬ್ಯಾಚು ಇದೆಯೆಂದು ಗೊತ್ತಾಗಿ, ಎದೆ ಗಟ್ಟಿ ಮಾಡಿಕೊಂಡು ಹೆಸರು ಬರೆಸಿದೆ. ಈಜುಡುಗೆ ಮೊಬೈಲಿನಲ್ಲೇ ತರಿಸಿದ್ದಾಯಿತು. ಕತ್ತಿನಿಂದ ಹಿಮ್ಮಡಿಯವರೆಗೆ ಮುಚ್ಚುವಂಥದ್ದು, ನೀಲಿ ಬಣ್ಣ, ಪಕ್ಕಕ್ಕೆ ಹಳದಿ ಪಟ್ಟಿ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಹಾಕಿ ನೋಡಿದೆ. ಎಷ್ಟು ಬಿಗಿಯಿತ್ತೆಂದರೆ ಕೈಯನ್ನು ಮೈಗೆ ಹಚ್ಚಿಡಲು ಬರುತ್ತಿರಲಿಲ್ಲ. ಯಜಮಾನರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಥೇಟ್ ಕಿನ್ನಾಳದ ಗೊಂಬೆ ಎಂದರು. ಸಿಟ್ಟು ಬಂದರೂ ಕನ್ನಡಿ ನೋಡಿದ ಮೇಲೆ ಒಪ್ಪಿಕೊಳ್ಳಬೇಕಾಯಿತು. ಬಿಚ್ಚುವಾಗ ಅವರೇ ಬಂದು ಎಳೆಯಬೇಕಾಯಿತು.

ಕಲಿಸುವವಳು ಇಪ್ಪತ್ನಾಲ್ಕರ ಹುಡುಗಿ, ಹೊಸಪೇಟೆಯವಳು, ನಾವೆಲ್ಲ ಕೋಚ್ ಮೇಡಂ ಅನ್ನುತ್ತಿದ್ದೆವು. ಬ್ಯಾಚಿನಲ್ಲಿ ಏಳು ಹೆಂಗಸರು, ಒಬ್ಬರಿಗೂ ಈಜು ಬಾರದು. ಸೊಂಟದ ಮಟ್ಟದ ನೀರಲ್ಲಿ ಸಾಲಾಗಿ ನಿಂತು, ಗೋಡೆಗೆ ಹಾಕಿದ ಕಂಬಿ ಹಿಡಿದು ಕಾಲು ಬಡಿಯುವುದು ಮೊದಲ ಪಾಠ. ಎರಡನೆಯದು ಮೂಗು ಹಿಡಿದು ತಲೆ ಮುಳುಗಿಸುವುದು. ನಾಲ್ಕೇ ದಿನಕ್ಕೆ ಆರು ಮಂದಿ ಮುಳುಗಿದರು. ನಾನು ಗಲ್ಲದವರೆಗೆ ಹೋಗುತ್ತಿದ್ದೆ, ತುಟಿಗೆ ನೀರು ತಾಗಿದ್ದೇ ತಡ, ಕಂಬಿ ಹಿಡಿದು ಮೇಲಕ್ಕೆ ಜಿಗಿಯುತ್ತಿದ್ದೆ. ದಿನಕ್ಕೆ ನಾಲ್ಕು ಹೆರಿಗೆ ಮಾಡಿಸುವವಳು ಇಷ್ಟಕ್ಕೆ ಹೆದರುವುದೇ ಎಂದು ಮೇಡಂ ನಗುತ್ತಿದ್ದಳು. ತಲೆ ಮುಳುಗದೆ ಮುಂದಿನ ಪಾಠ ಇಲ್ಲ ಎಂಬುದು ಅವಳ ಕಟ್ಟಳೆ. ಮೊಣಕಾಲಿನ ನೆಪ ಯಾರಿಗೆ ಬೇಕೋ ಅವರಿಗಿರಲಿ. ನಿಜವಾಗಿ ನನಗೆ ಬೇಕಾಗಿದ್ದುದು ಅದೊಂದೇ, ಒಮ್ಮೆ ತಲೆಯನ್ನು ನೀರೊಳಗೆ ಹಾಕಿ ಜೀವಂತ ಹೊರಗೆ ಬರುವುದು. ನಮ್ಮ ಮನೆಯಲ್ಲಿ ಒಬ್ಬರಾದರೂ ಅದನ್ನು ಮಾಡಬೇಕಿತ್ತು.

ಬ್ಯಾಚಿನ ಹಿರಿಯಳು ಶಾಂತಕ್ಕ. ಗಂಡ ಅರಿವೆ ಅಂಗಡಿಯ ಸಾಹುಕಾರರು. ಬಾಯಿ ತುಂಬ ಮಾತು, ಡಬ್ಬಿ ತುಂಬ ಕರದಂಟು, ಬಂದ ದಿನದಿಂದ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡವರು. ಒಂದು ದಿನ ನಿಮ್ಮ ಊರಲ್ಲಿ ಬಾವಿ ಇರಲಿಲ್ಲವೇನು, ಚಿಕ್ಕವಳಿದ್ದಾಗಲೇ ಕಲಿಯಬೇಕಿತ್ತು ಎಂದರು. "ಬಾವಿ ಇತ್ರಿ, ದೊಡ್ಡ ಬಾವಿ. ಅಪ್ಪ ವರ್ಷಾ ಇಳಿತಿದ್ದ. ನಮ್ಮನ್ನ ಬಿಡ್ತಿರಲಿಲ್ರಿ," ಎಂದೆ. ನೋಡಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಶಾಂತಕ್ಕ ಮಾತ್ರ ಅಲ್ಲಿಂದ ತಾವೇ ಮುಂದಕ್ಕೆ ಹೋದರು. ದೊಡ್ಡ ಬಾವಿ ಇದೆ ಎಂದರೆ ತೋಟ ಇದೆ, ತೋಟ ಇದೆ ಎಂದರೆ ಗೌಡಕಿ ಮನೆತನ, ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲ ಎಂದರೆ ಮರ್ಯಾದಸ್ತ ಮಂದಿ. ಮರುದಿನವೇ ಅವರು ಉಳಿದವರಿಗೆ ನನ್ನನ್ನು ತೋಟದ ಮನೆಯ ಮಗಳು ಎಂದು ಪರಿಚಯ ಮಾಡಿಕೊಟ್ಟರು.

ನಾನು ತಿದ್ದಬೇಕಿತ್ತು. ತಿದ್ದಲಿಲ್ಲ. ಒಂದು ತಿಂಗಳು ತೋಟದ ಮನೆಯ ಮಗಳಾಗಿ ಬಾಳಿದೆ, ಸುಳ್ಳು ಯಾಕೆ ಹೇಳಲಿ, ಭಾಳ ಸುಖವಾಗಿತ್ತು. ಒಬ್ಬರ ಡಬ್ಬಿಯಲ್ಲಿ ಒಬ್ಬರು ಕೈ ಹಾಕುವುದು, ಒಬ್ಬರ ಬೆನ್ನು ಒಬ್ಬರು ಒರೆಸುವುದು, ಬಟ್ಟೆ ಬದಲಿಸುವಾಗ ಗಂಡಂದಿರನ್ನು ಬೈಯುವುದು. ಶಾಂತಕ್ಕನ ಮನೆಗೆ ಅರಿಸಿನ ಕುಂಕುಮಕ್ಕೆ ಕರೆದಾಗ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿ, ದೇವರ ಮನೆಯ ಹೊಸ್ತಿಲ ತನಕ ಹೋಗಿ ಬಂದೆ. ಮನೆಗೆ ಬಂದು ಹೇಳಿದರೆ ಯಜಮಾನರು ನಗಲಿಲ್ಲ. ಮೈನ್ ಸ್ವಿಚ್ ತೆಗೆಯದೆ ತಂತಿ ಮುಟ್ಟಿದವರು ಮೊದಮೊದಲು ಹೀಗೇ ನಗುತ್ತಿರುತ್ತಾರೆ ಎಂದರು. ಅವರಿಗೆ ಎಲ್ಲದರಲ್ಲೂ ಕರೆಂಟೇ ಕಾಣುತ್ತದೆ ಎಂದು ಮುನಿಸಿಕೊಂಡೆ.

ಎರಡನೇ ತಿಂಗಳ ಮೊದಲ ವಾರ ಒಬ್ಬ ಹೊಸ ಹೆಂಗಸು ಬಂದರು. ಐವತ್ತೈದರ ವಯಸ್ಸು, ದಪ್ಪ ಕನ್ನಡಕ, ಮೆಟ್ಟಿಲಿಳಿಯಲು ನನಗಿಂತ ಕಷ್ಟಪಡುವ ಕಾಲುಗಳು. ನೀರಿಗಿಳಿದು ಕನ್ನಡಕ ತೆಗೆದಾಗ ಮುಖ ಗುರುತಾಯಿತು. ನಮ್ಮೂರ ಗೌಡರ ಮಗಳು ಗಿರಿಜವ್ವ. ಕೊಪ್ಪಳದ ಯಾವುದೋ ದೊಡ್ಡ ಮನೆಗೆ ಕೊಟ್ಟಿದ್ದಾರೆಂದು ಕೇಳಿದ್ದೆ, ಮೂವತ್ತು ವರ್ಷದಿಂದ ನೋಡಿರಲಿಲ್ಲ. ಆಗ ನಾನು ಮಾಡಿದ ಕೆಲಸ ನೋಡಿ. ಆಸ್ಪತ್ರೆಯಲ್ಲಿ ಎಂಥೆಂಥ ಸಾಹೇಬರು ಬಂದರೂ ಖುರ್ಚಿಯಿಂದ ಏಳದ ನಾನು, "ಬರ್ರಿ ಅವ್ವಾರ" ಎಂದು ಬಾಯಿಬಿಟ್ಟು, ಸೆರಗಿಲ್ಲದ ಹೆಗಲ ಮೇಲೆ ಸೆರಗು ಹುಡುಕಿ, ನೀರೊಳಗೆ ನಿಂತಲ್ಲಿಂದಲೇ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದೆ. ಸರಿದು ನಿಲ್ಲು ಎಂದು ಯಾರೂ ಅಂದಿರಲಿಲ್ಲ. ಕಾಲುಗಳು ತಾವೇ ಸರಿದವು. ನೋಯುವ ಮೊಣಕಾಲುಗಳು ಅಷ್ಟು ಚುರುಕಾಗಿ ನಡೆದದ್ದು ಆ ವರ್ಷ ಅದೊಂದೇ ಸಲ.

ಗಿರಿಜವ್ವ ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಅರಳಿತು. "ನೀ ದುರಗಪ್ಪನ ಮಗಳು ರೇಣವ್ವ ಅಲ್ಲೇನು? ನಮ್ಮ ಬಾವಿ ಹೂಳ ಎತ್ತಾಕ ಬರ್ತಿದ್ನಲ್ಲ, ಆ ದುರಗಪ್ಪನ ಮಗಳು?" ತವರೂರಿನ ಮುಖ ಕಂಡ ಸಂತೋಷದಲ್ಲಿ ಅವರಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಅವರ ಪ್ರೀತಿಯಲ್ಲಿ ಏನೂ ಕೊರತೆಯಿರಲಿಲ್ಲ, ಅದೇ ನನಗೆ ಇನ್ನೂ ಕಷ್ಟವಾಯಿತು. ಹೌದ್ರಿ ಎಂದೆ. ಶಾಂತಕ್ಕ ನನ್ನನ್ನೊಮ್ಮೆ, ನಮ್ಮಿಬ್ಬರ ನಡುವಿನ ನಾಲ್ಕು ಹೆಜ್ಜೆ ನೀರನ್ನೊಮ್ಮೆ ನೋಡಿದರು. ಆಮೇಲೆ ಕಂಬಿ ಹಿಡಿದು ಕಾಲು ಬಡಿಯತೊಡಗಿದರು. ಆ ದಿನ ಡಬ್ಬಿ ಹೊರಗೆ ಬರಲಿಲ್ಲ.

ಜಗಳವಾಯಿತು, ಯಾರೋ ಏನೋ ಅಂದರು ಎಂದುಕೊಳ್ಳಬೇಡಿ. ಹಾಗೇನಾದರೂ ಆಗಿದ್ದರೆ ನಾನೂ ಎರಡು ಮಾತು ಬೈದು ಹಗುರಾಗುತ್ತಿದ್ದೆ, ನನ್ನ ಬಾಯಿಯೂ ಕಡಿಮೆಯದಲ್ಲ. ಎಲ್ಲ ಮರ್ಯಾದೆಯಿಂದಲೇ ಆಯಿತು. ಶಾಂತಕ್ಕನಿಗೆ ನೆಗಡಿಯಾಯಿತು. ಇನ್ನೊಬ್ಬರ ಮಗಳಿಗೆ ಪರೀಕ್ಷೆ ಬಂತು. ಮತ್ತೊಬ್ಬರಿಗೆ ಸಂಜೆಯ ನೀರಿನಲ್ಲಿ ಬ್ಲೀಚಿಂಗ್ ಪುಡಿ ಹೆಚ್ಚಾಗಿ ಮೈ ತುರಿಸತೊಡಗಿತು. ಹತ್ತು ದಿನದಲ್ಲಿ ಕೊಳದಲ್ಲಿ ನಾನು ಮತ್ತು ಗಿರಿಜವ್ವ ಇಬ್ಬರೇ ಉಳಿದೆವು. ಎಲ್ಲರೂ ಮುಂಜಾನೆಯ ಬ್ಯಾಚಿಗೆ ಹೋಗಿದ್ದಾರೆ, ನೀರು ಬದಲಿಸಿದ ಮಾರನೆಯ ದಿನದಿಂದ ಶುರು ಮಾಡಿದರು ಎಂದು ಕೋಚ್ ಮೇಡಂ ಹೇಳಿದಳು. ಅವಳಿಗೆ ಇದರ ಹಿಂದುಮುಂದು ತಿಳಿಯದು. ನಿಮ್ಮ ಪುಣ್ಯ ಸಿಸ್ಟರ್, ಇಷ್ಟು ದೊಡ್ಡ ಕೊಳ ನಿಮ್ಮಿಬ್ಬರಿಗೇ ಸಿಕ್ಕಿತು ಎಂದು ಖುಷಿಪಟ್ಟಳು. ನಮ್ಮಪ್ಪನಿಗೆ ಒಂದು ಬಾವಿಯಲ್ಲಿ ಬೊಗಸೆ ನೀರು ಸಿಗಲಿಲ್ಲ, ಮಗಳಿಗೆ ಇಡೀ ಕೊಳ ಸಿಕ್ಕಿದೆ, ನಾವು ಮುಂದೆ ಬಂದಿದ್ದೇವೆ ಎನ್ನದೆ ಇನ್ನೇನು ಅನ್ನಲಿ? ಮನೆಗೆ ಹೋಗಿ ಯಜಮಾನರಿಗೆ ಇದನ್ನೇ ನಗುತ್ತ ಹೇಳಲು ಹೋದೆ. ಅರ್ಧದಲ್ಲೇ ಅಳು ಬಂತು. ಅವರು ಕರೆಂಟಿನ ಮಾತೆತ್ತಲಿಲ್ಲ, ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು.

ಗಿರಿಜವ್ವ ಯಾಕೆ ಉಳಿದರು ಎಂದು ನನಗೂ ಬೆರಗು. ಮೇಡಂ ಫೋನಿನಲ್ಲಿದ್ದಾಗ ನಾವಿಬ್ಬರೂ ಕಂಬಿಗೆ ಒರಗಿ ಊರ ಮಾತಾಡುತ್ತಿದ್ದೆವು. ಅವರಿಗೂ ಈಜು ಬಾರದು. ತಮ್ಮ ಅಪ್ಪನ ಬಾವಿಯಲ್ಲಿ ಅವರೂ ಒಂದು ದಿನ ಕಾಲಿಟ್ಟವರಲ್ಲ. ಅಣ್ಣಂದಿರು ಜಿಗಿಯುವ ಸದ್ದು ಅಡುಗೆಮನೆಯ ಕಿಟಕಿಗೆ ಕೇಳುತ್ತಿತ್ತಂತೆ, ಹೆಣ್ಣುಮಕ್ಕಳು ಆ ದಿಕ್ಕಿಗೆ ಹಾಯುವಂತಿರಲಿಲ್ಲವಂತೆ. ಬಾವಿ ಇದ್ದವರ ಮಗಳು, ಬಾವಿಯ ಹೂಳೆತ್ತಿದವನ ಮಗಳು, ಇಬ್ಬರೂ ಮುದುಕಿಯರಾಗುವ ಹೊತ್ತಿಗೆ ಒಂದೇ ಕಂಬಿಗೆ ಜೋತು ಬಿದ್ದಿದ್ದೆವು. ಅದಕ್ಕೆ ನಾವಿಬ್ಬರೂ ನಕ್ಕೆವು. ನಗುತ್ತ ನಗುತ್ತಲೇ ಅವರು, "ನಿನ್ನ ತಂಗಿ ಹುಲಿಗಿ ಎಲ್ಲದಾಳ ಈಗ? ಭಾಳ ಚುರುಕು ಹುಡುಗಿ ಅದು," ಎಂದು ಕೇಳಿದರು. ಅವರಿಗೆ ಗೊತ್ತೇ ಇರಲಿಲ್ಲ.

ಹೇಳಿದೆ. ಅವಳಿಗೆ ಹದಿನೇಳು ತುಂಬಿದ ವರ್ಷ ನಮ್ಮ ಕೇರಿಯ ಹನ್ನೆರಡು ಹೆಣ್ಣುಮಕ್ಕಳು ಟೆಂಪೊದಲ್ಲಿ ಗಂಗಾವತಿ ಕಡೆಗೆ ಭತ್ತದ ನಾಟಿಗೆ ಹೋಗಿದ್ದರು. ನಮ್ಮ ಒಣ ಸೀಮೆಯವರಿಗೆ ಅಷ್ಟು ನೀರು ನೋಡುವುದೇ ಹಬ್ಬ. ಹುಲಿಗೆವ್ವ ನಾಟಿ ಮಾಡುವಾಗಲೂ ಕಾಲುವೆಯ ಸುದ್ದಿಯನ್ನೇ ಹೇಳುತ್ತಿದ್ದಳಂತೆ. ಮೂರನೆಯ ದಿನ ಕೆಲಸ ಮುಗಿಸಿ ಕಾಲಿನ ಕೆಸರು ತೊಳೆಯಲು ಕಾಲುವೆಯ ಇಳಿಜಾರಿನಲ್ಲಿ ಕೂತಳು. ಪಾಚಿಗಟ್ಟಿದ ಸಿಮೆಂಟು, ಜಾರಿದಳು. ದಂಡೆಯ ಮೇಲೆ ಹನ್ನೊಂದು ಮಂದಿ ಇದ್ದರು, ಒಬ್ಬರಿಗೂ ಈಜು ಬಾರದು. ಎಲ್ಲಿಂದ ಬರಬೇಕು? ಸೀರೆಗೆ ಸೀರೆ ಗಂಟು ಹಾಕಿ ಎಸೆದರಂತೆ, ಒಮ್ಮೆ ಅವಳ ಕೈಗೆ ಸಿಕ್ಕಿತ್ತಂತೆ, ಮತ್ತೆ ಜಾರಿತಂತೆ. ನಾನಾಗ ಬಳ್ಳಾರಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದೆ. ನಾನು ಬರುವ ಹೊತ್ತಿಗೆ ಅಪ್ಪ ಕಾಲುವೆಯ ದಂಡೆಯ ಮೇಲೆ ಕೂತಿದ್ದ. ಗೇಟು ನೋಡಿಕೊಳ್ಳುವವನ ಹತ್ತಿರ ಹೋಗುವುದು, ನೀರು ಬಂದ್ ಮಾಡ್ರಿ ಎಂದು ಕೈಮುಗಿಯುವುದು, ತಿರುಗಿ ಬಂದು ಕೂರುವುದು. ನನ್ನನ್ನು ಕಂಡು ಒಂದೇ ಮಾತು ಅಂದ. "ನೀರಿಲ್ಲದಿದ್ರ ನಾನ ಇಳಿದು ಕರಕೊಂಡು ಬರ್ತಿದ್ದೆ, ರೇಣವ್ವ."

ಎರಡನೆಯ ದಿನ ನೀರು ಇಳಿಸಿದರು. ಅಪ್ಪನೇ ಇಳಿದ. ಬೇರೆ ಯಾರನ್ನೂ ಇಳಿಯಲು ಬಿಡಲಿಲ್ಲ, ನನಗೆ ರೂಢಿ ಐತಿ ಎಂದ. ಮೊಣಕಾಲು ಮಟ್ಟದ ಕೆಸರಲ್ಲಿ ನಡೆದು ಹೋಗಿ ಅವಳನ್ನು ಎತ್ತಿಕೊಂಡು ಬಂದ. ಮುಂದೆ ನನಗೆ ಕೆಲಸ ಸಿಕ್ಕಿದ್ದೂ ಮೊದಲು ಗಂಗಾವತಿಯಲ್ಲೇ. ಕಾಲುವೆಯಲ್ಲಿ ಬಿದ್ದವರನ್ನು ತಂದಾಗಲೆಲ್ಲ ನಾನು ಹೆಸರಿಗಿಂತ ಮೊದಲು ಊರು ಕೇಳುತ್ತಿದ್ದೆ. ಯಲಬುರ್ಗಾ ಕಡೆಯವರು, ಕುಷ್ಟಗಿ ಕಡೆಯವರು, ಕೂಲಿಗೆ ಬಂದವರು. ಊರು ಕೇಳಿದರೆ ಸಾಕು, ಯಾವ ಓಣಿ ಎಂದು ಕೇಳಬೇಕಾಗಿರಲಿಲ್ಲ.

ಕಂಬಿಯ ಮೇಲಿದ್ದ ನನ್ನ ಕೈಯ ಹತ್ತಿರಕ್ಕೆ ಗಿರಿಜವ್ವನ ಕೈ ಬಂತು, ಇನ್ನೇನು ಮುಟ್ಟುತ್ತದೆ ಎಂದುಕೊಂಡೆ, ಒಂದು ಗೇಣು ದೂರದಲ್ಲಿ ನಿಂತಿತು. "ಆ ಬಾವಿ ಮುಚ್ಚಿಸಿ ಹತ್ತು ವರ್ಷಾತು," ಎಂದರು. "ಬೋರ್ ಬಂತಲ್ಲ, ಈಗ ಅಲ್ಲಿ ಯಾರೂ ಈಸಂಗಿಲ್ಲ. ಅಷ್ಟ ದೊಡ್ಡ ಬಾವಿ. ಯಾರಿಗೂ ಆಗಲಿಲ್ಲ ನೋಡು ಅದು." ಆಮೇಲೆ ನನ್ನ ಮುಖ ನೋಡದೆ, ನಾಳೆಯಿಂದ ತಾವೂ ಮುಂಜಾನೆಯ ಬ್ಯಾಚಿಗೆ ಹೋಗುವುದಾಗಿ ಹೇಳಿದರು. ಶಾಂತಕ್ಕ ಅವರ ಅತ್ತೆಯ ಕಡೆಯಿಂದ ಸಂಬಂಧವಂತೆ, ಮನೆಯಲ್ಲಿ ಮಾತು ಬಂದಿದೆಯಂತೆ. "ನೀ ಮನಸ್ಸಿಗೆ ಹಚ್ಕೋಬ್ಯಾಡ ರೇಣವ್ವ, ನನ್ನ ಕೈಯಾಗ ಏನೂ ಇಲ್ಲ," ಎಂದರು. ನಾನು ಹಚ್ಚಿಕೊಳ್ಳುವುದಿಲ್ರಿ ಅವ್ವಾರ ಎಂದೆ. ಮೆಟ್ಟಿಲು ಹತ್ತಲು ಅವರಿಗೆ ಕಷ್ಟವಾಗುತ್ತಿತ್ತು. ರೋಗಿಗಳಿಗೆ ಕೊಡುವ ಹಾಗೆ ಕೈ ಕೊಡಲು ಹೋದೆ. ಅವರು ಗೋಡೆ ಹಿಡಿದು ಹತ್ತಿಕೊಂಡರು.

ಆ ತಿಂಗಳ ಉಳಿದ ದಿನವೆಲ್ಲ ಕೊಳದಲ್ಲಿ ನಾನೊಬ್ಬಳೇ. ಮೇಡಂ ದಂಡೆಯ ಮೇಲೆ ಕೂತು ಒಂದು, ಎರಡು, ಮೂರು ಎನ್ನುತ್ತಿದ್ದಳು, ನಾನು ತುಟಿಯವರೆಗೆ ಹೋಗಿ ಮೇಲೆ ಬರುತ್ತಿದ್ದೆ. ಯಜಮಾನರು ಬಿಟ್ಟುಬಿಡು, ಮೊಣಕಾಲಿಗೆ ಎಣ್ಣೆ ತಿಕ್ಕೋಣ ಎಂದರು. ಬಿಡಲಿಲ್ಲ. ಛಲ ಎಂದುಕೊಳ್ಳಬೇಡಿ. ಬಿಟ್ಟರೆ ಶಾಂತಕ್ಕ ಮತ್ತೆ ಸಂಜೆಯ ಬ್ಯಾಚಿಗೆ ಬಂದುಬಿಡುತ್ತಾರೆ ಎಂಬ ಹೊಟ್ಟೆಕಿಚ್ಚು. ಮನೆಯಲ್ಲಿ ಸಿಟ್ಟಿನಲ್ಲಿ ಒಂದು ಉತ್ತರವನ್ನೂ ತಯಾರು ಮಾಡಿದೆ. ಇನ್ನು ಮುಂದೆ ಯಾರಾದರೂ ನೀವು ಯಾರ ಪೈಕಿ ಎಂದು ಕೇಳಲಿ, ಹೂಳೆತ್ತುವ ದುರಗಪ್ಪನ ಮಗಳು, ನಮ್ಮಪ್ಪ ಸ್ವಚ್ಛ ಮಾಡಿದ ಬಾವಿಯಲ್ಲೇ ಊರೆಲ್ಲ ಈಜು ಕಲಿತದ್ದು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವುದು. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ, ಧ್ವನಿ ನಡುಗಲಿಲ್ಲ. ಯಜಮಾನರು ಚಪ್ಪಾಳೆ ತಟ್ಟಿದರು.

ಹೊಸ ತಿಂಗಳಿಗೆ ಹೊಸ ಮಂದಿ ಬಂದರು, ಐದಾರು ಹೆಂಗಸರು. ಅವರಲ್ಲಿ ಒಬ್ಬರು ಕುಷ್ಟಗಿಯಿಂದ ಬದಲಿಯಾಗಿ ಬಂದ ಬ್ಯಾಂಕ್ ಸಾಹೇಬರ ಮನೆಯವರು, ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುವ ಮುಖ. ಕಂಬಿಯಲ್ಲಿ ನನ್ನ ಪಕ್ಕದ ಜಾಗವೇ ಅವರಿಗೆ ಸಿಕ್ಕಿತು. ಹಳಬಳೆಂಬ ಗತ್ತಿನಲ್ಲಿ ಕಾಲು ಬಡಿಯುವುದನ್ನು ನಾನೇ ತೋರಿಸಿಕೊಟ್ಟೆ. ಮೂರನೆಯ ದಿನ ಶೇಂಗಾ ಹೋಳಿಗೆ ತಂದು, ತಾವೇ ಮುರಿದು ನನ್ನ ಕೈಗಿಟ್ಟರು. ತಿಂದು ನೀರಿಗಿಳಿದ ಮೇಲೆ ನಿಮ್ಮದು ಯಾವ ಊರು ಎಂದು ಕೇಳಿದರು. ಹೇಳಿದೆ. ಅವರಿಗೆ ಸಂತೋಷವಾಯಿತು, ಆ ಊರಲ್ಲಿ ಅವರಿಗೆ ಬೀಗರಿದ್ದಾರಂತೆ.

"ಹೌದೇನ್ರಿ? ಅಲ್ಲಿ ಯಾರ ಪೈಕಿ ನೀವು?"

ಉತ್ತರ ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದೆ. ಹಲ್ಲಿನ ಸಂದಿಯಲ್ಲಿ ಹೋಳಿಗೆಯ ಸಿಹಿ ಇನ್ನೂ ಇತ್ತು. ಬಾಯಿ ಮುಚ್ಚಿದೆ, ಮೂಗು ಹಿಡಿದೆ, ತಲೆಯನ್ನು ನೀರೊಳಗೆ ಹಾಕಿಬಿಟ್ಟೆ.

ಅಷ್ಟು ವರ್ಷ ಹೆದರಿದ ಜಾಗದಲ್ಲಿ ನೀಲಿ ಬೆಳಕು ಬಿಟ್ಟರೆ ಏನೂ ಇರಲಿಲ್ಲ. ಕಿವಿಯಲ್ಲಿ ನನ್ನದೇ ಎದೆ ಬಡಿಯುವ ಸದ್ದು. ಹುಲಿಗೆವ್ವನಿಗೂ ಹೀಗೆಯೇ ಕೇಳಿಸಿರಬೇಕು ಎಂದು ನೆನಪಾಗಿ ದುಃಖ ಒತ್ತರಿಸಿ ಬಂತು. ಉಸಿರು ಹಿಡಿದವರಿಗೆ ಅಳಲು ಬರುವುದಿಲ್ಲ ಎಂದು ಆಗ ತಿಳಿಯಿತು. ಮೇಲೆ ಏಳಬಹುದಿತ್ತು. ಎದ್ದರೆ ಉತ್ತರ ಹೇಳಬೇಕಲ್ಲ, ಅದಕ್ಕೇ ಇನ್ನಷ್ಟು ಹೊತ್ತು ಅಲ್ಲೇ ಇದ್ದೆ.

ಎದೆ ಒಡೆಯುತ್ತದೆ ಎನ್ನುವಾಗ ಎದ್ದೆ. ಕೋಚ್ ಮೇಡಂ ದಂಡೆಯ ಮೇಲೆ ಕುಣಿಯುತ್ತಿದ್ದಳು. ಎರಡು ತಿಂಗಳು ಕಾಯಿಸಿದರೂ ಇಷ್ಟು ಹೊತ್ತು ಉಸಿರು ಹಿಡಿದವರನ್ನು ತಾನು ಯಾವ ಬ್ಯಾಚಿನಲ್ಲೂ ನೋಡಿಲ್ಲ, ಸಿಸ್ಟರ್ ಗೆದ್ದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಬ್ಯಾಂಕಿನವರ ಮನೆಯವರು ದಂಡೆಯ ಮೇಲಿದ್ದ ತಮ್ಮ ಟವೆಲ್ಲನ್ನೇ ಎಳೆದುಕೊಂಡು, ನನ್ನ ಹಣೆ, ಕಣ್ಣು, ಗಲ್ಲ ಎಲ್ಲ ಅಕ್ಕರೆಯಿಂದ ಒರೆಸಿದರು. ಅವ್ವ ಸತ್ತ ಮೇಲೆ ಯಾರೂ ನನ್ನ ಮುಖವನ್ನು ಹಾಗೆ ಒರೆಸಿರಲಿಲ್ಲ. ಒರೆಸುತ್ತಲೇ, "ಹೂಂ, ಏನೋ ಹೇಳಾಕ ಹತ್ತಿದ್ರಿ ನೋಡ್ರಿ," ಎಂದರು. "ಯಾರ ಪೈಕಿ ಅಂದ್ರಿ?"

"ಒಂದೀಟು ತಡೀರಿ," ಎಂದೆ. "ಇನ್ನೊಂದ್ಸಲ ಮುಳುಗಿ ನೋಡ್ತೀನಿ."